ಸುಣ್ಣ ಬಳಿದ ಕಿಟಕಿ

ಬಡಗಿಗೆ ಬಾಗಿಲು ಚೆನ್ನಾಗಿದೆ ಅನ್ನುತ್ತಾರೆ, ಗಾರೆಯವನಿಗೆ ಗೋಡೆ ನುಣುಪಾಗಿದೆ ಅನ್ನುತ್ತಾರೆ. ಗಾಜಿನ ಕೆಲಸದವನಿಗೆ ಮಾತ್ರ ಯಾರೂ ಏನೂ ಅನ್ನಬಾರದು. ಏನಾದರೂ ಅಂದರೆ, ಎಲ್ಲೋ ಗೆರೆ ಬಿದ್ದಿದೆ, ಇಲ್ಲವೇ ಅಂಟು ಮೆತ್ತಿದೆ ಅಂತಲೇ ಅರ್ಥ. ಈ ಗಾಜಿನವನು ಆಯುಸ್ಸೆಲ್ಲ ಹಾಗೆ ಯಾರಿಂದಲೂ ಏನೂ ಅನ್ನಿಸಿಕೊಳ್ಳದೆ ಕೆಲಸ ಮಾಡಿದವನು. ಅಂಗಡಿಗಳ ಮುಂಭಾಗ, ಬ್ಯಾಂಕಿನ ಬಾಗಿಲು, ಆಸ್ಪತ್ರೆಯ ಮೆಟ್ಟಿಲ ಪಕ್ಕದ ಉದ್ದನೆಯ ಕಿಟಕಿ, ಎಲ್ಲವೂ ಅವನ ಕೈಯಿಂದ ಆದವು. ಕಾಣದ ಗಾಜೇ ಗಾಜು ಎಂದು ಅವನು ನಂಬಿದ್ದ.

ಆ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹೊಸ ಗಾಜು ಕೂರಿಸಿದ ಕೂಡಲೇ ಅದರ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ಇಂಟು ಗುರುತು ಎಳೆಯಬೇಕು. ಇಲ್ಲದಿದ್ದರೆ ಬಣ್ಣದವನೋ ಗಾರೆಯವನೋ ಅಲ್ಲಿ ಏನೂ ಇಲ್ಲವೆಂದುಕೊಂಡು ನೇರ ನುಗ್ಗಿ ಹಣೆ ಒಡೆದುಕೊಳ್ಳುತ್ತಾನೆ. ಕೆಲಸ ಕಲಿಸಿದ ಮೇಸ್ತ್ರಿ ಬೈಗುಳದಲ್ಲೇ ಪಾಠ ಹೇಳುವ ಮನುಷ್ಯ. "ಅಲ್ಲಿ ವಾಸ ಮಾಡೋರಿಗೆಲ್ಲ ಇಲ್ಲೊಂದು ಗಾಜಿದೆ ಅಂತ ಗೊತ್ತಾಗೋವರೆಗೂ ಗುರುತು ಅಳಿಸಬೇಡ್ವೋ, ಮುಠ್ಠಾಳ" ಎಂದು ಮೊದಲ ದಿನವೇ ತಲೆಗೆ ಮೊಟಕಿ ಹೇಳಿದ್ದ. ಆ ಮಾತನ್ನು ಗಾಜಿನವನು ಒಂದೇ ಒಂದು ಕಿಟಕಿಯಲ್ಲಿ ಮೀರಿದ. ಅದು ಅವನ ಸ್ವಂತ ಮನೆಯದು.

ಆ ಕಿಟಕಿ ಅವನ ಅಕ್ಕನಿಗಾಗಿ ಆದದ್ದು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದು ಅವಳೇ. ಅವನ ತಲೆ ನರೆತು ಬೆಳ್ಳಗಾದರೂ ಅವಳ ಬಾಯಲ್ಲಿ ಅವನು ಇನ್ನೂ "ಪುಟ್ಟ." ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದು ನಿವೃತ್ತಳಾದವಳು. ಕಾಲು ಬಾತು, ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟತೊಡಗಿದಾಗ ತಮ್ಮ ಅವಳನ್ನು ತನ್ನ ಮನೆಗೆ ಕರೆತಂದ. ಆಟೋದಿಂದ ಇಳಿಯುತ್ತಲೇ ಅವಳು ತಮ್ಮನ ಹೆಂಡತಿಗೆ ಹೇಳಿದ್ದು, "ಹೃದಯ ದೊಡ್ಡದಾಗಿದೆಯಂತಮ್ಮ. ನಂದು ದೊಡ್ಡ ಮನಸ್ಸು ಅಂತ ನಾನು ಮೊದಲಿಂದ್ಲೂ ಹೇಳ್ತಿರಲಿಲ್ವ?"

ಬಂದ ದಿನವೇ ಅಕ್ಕ ತಮ್ಮನಿಂದ ಒಂದು ಮಾತು ತೆಗೆದುಕೊಂಡಳು. ವಾರ್ಡಿನಲ್ಲಿ ಅವಳು ಸಾಯುವವರನ್ನು ಬೇಕಾದಷ್ಟು ನೋಡಿದ್ದಳು, ಅವರ ಮಂಚದ ಸುತ್ತ ನಿಂತು ನಗುನಗುತ್ತ ಸುಳ್ಳು ಹೇಳುವ ನೆಂಟರನ್ನೂ ನೋಡಿದ್ದಳು. "ವರಾಂಡದಲ್ಲಿ ಗುಸುಗುಸು, ಒಳಗೆ ಬಂದ್ರೆ ಹಲ್ಲು ಕಿರಿಯೋದು. ಮಲಗಿದೋರಿಗೆ ಎಲ್ಲಾ ಗೊತ್ತಾಗಿರತ್ತೆ ಪುಟ್ಟ. ಮನೆಯೋರು ಸುಳ್ಳು ಹೇಳ್ತಿದ್ದಾರೆ ಅನ್ನೋದು ಎಲ್ಲಕ್ಕಿಂತ ಮೊದಲು ಗೊತ್ತಾಗತ್ತೆ. ನನ್ನ ಹತ್ರ ಹಾಗೆ ಮಾಡಬೇಡ" ಎಂದಳು. ಅವನು ಆಯಿತೆಂದ. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಮುಂದಿನ ಮಳೆಗಾಲ ಕಾಣುವುದು ಕಷ್ಟ ಎಂದಾಗ, ಅವನು ನೇರ ಮಂಚದ ಹತ್ತಿರ ಬಂದು ಅದನ್ನು ಹಾಗೇ ಹೇಳಿದ. ಅಕ್ಕ, "ಸರಿ ಬಿಡು. ಹಾಗಾದ್ರೆ ನನ್ನ ಕೊಡೆ ರಿಪೇರಿಗೆ ಕೊಡೋದು ಬೇಡ" ಎಂದಳು. ಅವನು ಅಡುಗೆಮನೆಗೆ ಹೋಗಿ ಅತ್ತ.

ಅಕ್ಕನಿಗೆ ಕೊಟ್ಟದ್ದು ಹಿಂಬದಿಯ ಕೋಣೆ. ಅದಕ್ಕಿದ್ದದ್ದು ಮೇಲುಗಡೆ ಒಂದು ಗವಾಕ್ಷಿ, ಕೆಳಗೆ ಮರದ ಬಾಗಿಲಿನ ಒಂದು ಗೇಣು ಕಿಟಕಿ. ಊರಿಗೆಲ್ಲ ಬೆಳಕು ಹಂಚಿದವನ ಮನೆಯಲ್ಲಿ ದೀಪದ ಬುಡದಲ್ಲೇ ಕತ್ತಲೆ. ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮುಚ್ಚಳ. ಹಿತ್ತಲಲ್ಲಿ ಹಕ್ಕಿಗಳ ಸದ್ದು ಕೇಳುತ್ತಿತ್ತು, ಹಕ್ಕಿ ಕಾಣುತ್ತಿರಲಿಲ್ಲ. "ಬ್ಯಾಂಕಿಗೆ ಅಷ್ಟು ದೊಡ್ಡ ಗಾಜು ಹಾಕಿದೀಯ. ಅಲ್ಲಿ ನೋಡೋಕೇನಿದೆಯೋ, ಕ್ಯಾಷಿಯರ್ ಮುಖ ತಾನೆ?" ಎಂದಳು ಒಂದು ದಿನ.

ಮಾತು ನಾಟಿತು. ಚಳಿ ಶುರುವಾಗುವ ಹೊತ್ತಿಗೆ ಅವನು ಗೋಡೆ ಒಡೆಸಿ, ಮಂಚದ ಎತ್ತರದಿಂದ ತೊಲೆಯವರೆಗೆ ಒಂದೇ ಹಲಗೆಯ ಗಾಜು ಕೂರಿಸಿದ. ಅಕ್ಕನ ಕಣ್ಣಿಗೆ ಬೆಳಕು ಚುಚ್ಚುತ್ತದೆಂದು ಕೋಣೆಯ ಉಳಿದ ಕಡೆಗೆಲ್ಲ ದಪ್ಪ ಪರದೆ ಬಿಟ್ಟ. ಸುಣ್ಣದ ಗುರುತು ಎಳೆದ ಕೈಯಲ್ಲೇ, ಅದು ಒಣಗುವ ಮೊದಲೇ, ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟ. ಅಕ್ಕ ದಿಂಬಿಗೆ ಒರಗಿ ಕೂತು ನೋಡಿ, "ಗಾಜು ಎಲ್ಲಿದೆಯೋ? ಇನ್ನೂ ಹಾಕೇ ಇಲ್ವಲ್ಲ" ಎಂದು ಕೈ ಚಾಚಿದಳು. ಬೆರಳು ತಣ್ಣನೆಯ ಗಾಜಿಗೆ ತಗುಲಿ ನಿಂತಿತು. ಅವನ ಕಸುಬಿಗೆ ಅದಕ್ಕಿಂತ ದೊಡ್ಡ ಬಿರುದು ಯಾರೂ ಕೊಟ್ಟಿರಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ಗಾಜನ್ನು ಒರೆಸುವುದು ಅವನಿಗೆ ಹಲ್ಲುಜ್ಜುವಷ್ಟೇ ಖಾಯಂ ಆಯಿತು.

ಹಿತ್ತಲು ದೊಡ್ಡದೇನಲ್ಲ. ಬಟ್ಟೆ ಒಗೆಯುವ ಕಲ್ಲು, ಅದರ ಮೇಲೆ ಹಕ್ಕಿಗಳಿಗೆ ನೀರಿಟ್ಟ ಬಾಯಿ ಒಡೆದ ಮಣ್ಣಿನ ತಟ್ಟೆ, ಒಂದು ಹಿಪ್ಪುನೇರಳೆ ಮರ, ಅದರಾಚೆ ಕಾಂಪೌಂಡು ಗೋಡೆ. ಚಳಿಗೆ ಮರ ಎಲೆ ಉದುರಿಸಿ ಬರೀ ಕೊಂಬೆಯಾಗಿತ್ತು. ಕೂತ ಹಕ್ಕಿಗಳೆಲ್ಲ ಬಿಚ್ಚಿಟ್ಟ ಹಾಗೆ ಕಾಣುತ್ತಿದ್ದವು. ಅಕ್ಕ ಒಂದೊಂದಕ್ಕೂ ಹೆಸರಿಟ್ಟಳು. ಗುಂಪಾಗಿ ನೆಲಕ್ಕಿಳಿದು ಕಚಪಚ ಜಗಳ ಕಾಯುವ ಹರಟೆಮಲ್ಲಗಳು "ಪಂಚಾಯ್ತಿಯೋರು." ಜುಟ್ಟು ನಿಮಿರಿಸಿಕೊಂಡು ಬರುವ ಪಿಕಳಾರ "ಸೋಕಿಲಾಲ." ಅದನ್ನು ಕಂಡಾಗಲೆಲ್ಲ ಅವಳು, "ನೋಡು, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ" ಅನ್ನುವಳು. ಎಲ್ಲಕ್ಕಿಂತ ಹತ್ತಿರದವನು ಕಪ್ಪು ಬಿಳುಪಿನ ಒಂದು ಮಡಿವಾಳ ಹಕ್ಕಿ. ಬಾಲ ಎತ್ತಿಕೊಂಡು ಒಗೆಯುವ ಕಲ್ಲಿನ ಮೇಲೆ ಕೂರುತ್ತಿತ್ತು. ಚಳಿಯಲ್ಲಿ ಅದರ ಗಂಟಲು ಕಟ್ಟಿದ ಹಾಗಿತ್ತು, ಒಂದು ಸ್ವರವಿಲ್ಲ.

ಚಳಿ ಕಳೆದು ಮರ ಚಿಗುರಿದ ಮೇಲೆ ಆ ಹಕ್ಕಿ ಬಾಯಿ ಬಿಟ್ಟಿತು. ನಸುಕಿನಲ್ಲಿ ಮರದ ತುದಿಗೆ ಕೂತು ಹಾಡತೊಡಗಿದರೆ ಬೀದಿಯೆಲ್ಲ ಕೇಳುತ್ತಿತ್ತು. "ಇಷ್ಟು ದಿನ ಒಳಗೆ ಬಚ್ಚಿಟ್ಕೊಂಡಿದ್ನಲ್ಲ, ಕಳ್ಳ" ಎಂದು ಅಕ್ಕ ಅದಕ್ಕೆ "ಹಾಡುಗಾರ" ಎಂದು ಹೆಸರಿಟ್ಟಳು. ಬೂದು ಬಣ್ಣದ ಹೆಣ್ಣೊಂದು ಜೊತೆಯಾಯಿತು. ಕಾಂಪೌಂಡಿನಲ್ಲಿ ಹಳೆಯ ಪೈಪು ಕಿತ್ತ ತೂತಿನಲ್ಲಿ ಎರಡೂ ಸೇರಿ ಕಡ್ಡಿ ತುಂಬಿದವು. ಅಕ್ಕನ ಊಟ ಕಡಿಮೆಯಾಗುತ್ತಿತ್ತು, ರಾತ್ರಿಯೆಲ್ಲ ಕೂತೇ ಉಸಿರಾಡುತ್ತಿದ್ದಳು, ಆದರೂ ಬೆಳಗಾದರೆ ಅವಳ ಕಣ್ಣಲ್ಲಿ ಕಳೆ ಬರುತ್ತಿತ್ತು. ಗಾಜಿನವನಿಗೆ ಅಷ್ಟು ಸಾಕಾಗಿತ್ತು. ಮಳೆ ಬರುವ ತನಕ ಅವಳು ಇದನ್ನು ನೋಡುತ್ತಿರಲಿ ಎಂಬುದೊಂದೇ ಅವನ ಆಸೆ.

ಎಲೆ ತುಂಬಿ ಮರ ದಟ್ಟವಾದ ಮೇಲೆ, ಒಂದು ಬೆಳಿಗ್ಗೆ ಗಾಜು ಒರೆಸಲು ಹೋದಾಗ ಕಿಟಕಿಯ ಕೆಳಗೆ ಒಂದು ಗುಬ್ಬಿ ಬಿದ್ದಿತ್ತು. ಬೆಕ್ಕಿನ ಕೆಲಸ ಎಂದುಕೊಂಡ. ಹಣ್ಣಾದ ಮೇಲೆ ಹಕ್ಕಿಗಳು ಹೆಚ್ಚಿದವು, ಬೀಳುವವೂ ಹೆಚ್ಚಿದವು. ಒಂದು ದಿನ ಸೋಕಿಲಾಲ ಕತ್ತು ತಿರುಚಿಕೊಂಡು ಬಿದ್ದಿದ್ದ, ಜುಟ್ಟು ಹಾಗೇ ನಿಮಿರಿತ್ತು, ಮೈ ಇನ್ನೂ ಬೆಚ್ಚಗಿತ್ತು. ಗಾಜಿನವನು ಅದನ್ನು ಅಂಗೈಯಲ್ಲಿಟ್ಟುಕೊಂಡು ತಲೆಯೆತ್ತಿದ. ಕಿಟಕಿಯಲ್ಲಿ ಕಿಟಕಿ ಇರಲಿಲ್ಲ. ಕೋಣೆ ಕತ್ತಲು, ಗಾಜು ನಿರ್ಮಲ. ಅದರೊಳಗೆ ಒಂದು ಎಲೆಯೂ ತಪ್ಪದಂತೆ ಇನ್ನೊಂದು ಹಿಪ್ಪುನೇರಳೆ ಮರ, ಅದರ ಹಿಂದೆ ಇನ್ನೊಂದು ಆಕಾಶ. ಆಯುಸ್ಸೆಲ್ಲ ಗಾಜು ಕೊಯ್ದವನಿಗೆ ಇದು ಹೊಸ ಸಂಗತಿಯಲ್ಲ. ಆದರೆ ದಿನಾ ಹೊರಗೆ ನಿಂತು ಒರೆಸುವಾಗಲೂ ಈ ಕಿಟಕಿಯನ್ನು ಅವನು ಅಕ್ಕನ ಕಣ್ಣಿನಿಂದ ಮಾತ್ರ ನೋಡಿದ್ದ. ಮೇಸ್ತ್ರಿ ಹೇಳಿದ "ಅಲ್ಲಿ ವಾಸ ಮಾಡೋರು" ಎಂದರೆ ಅಕ್ಕ ಒಬ್ಬಳೇ ಎಂದುಕೊಂಡಿದ್ದ. ಹಿತ್ತಲಿನವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅವನು ಮರದ ಬುಡದಲ್ಲಿ ಹಕ್ಕಿಯನ್ನು ಹೂತು, ಗಾಜಿನ ಮೂಲೆಯಲ್ಲಿ ಸಣ್ಣದೊಂದು ಸುಣ್ಣದ ಗುರುತು ಹಾಕಿದ. ಅಕ್ಕ ಕೇಳಿದಾಗ "ಒಂಚೂರು ಸೀಳು ಇದೆ, ಅದಕ್ಕೆ" ಎಂದ. ಅದು ಅವನ ಮೊದಲ ಸುಳ್ಳು. ಹಕ್ಕಿಗಳು ಗುರುತನ್ನು ಬಿಟ್ಟು ಪಕ್ಕಕ್ಕೆ ಬಡಿದುಕೊಂಡವು. ಇನ್ನೊಂದು ದಿನ ಧಬ್ ಎಂದ ಸದ್ದು ಅಕ್ಕನ ಕಿವಿಗೂ ಬಿತ್ತು.

"ಅದೇನೋ ಸದ್ದು?"

"ಹಣ್ಣು ಬಿತ್ತು ಅಕ್ಕ."

"ಹಿಪ್ಪುನೇರಳೆ ಹಣ್ಣು ಯಾವಾಗ್ಲಿಂದ ತೆಂಗಿನಕಾಯಿ ತೂಕ ಆಯ್ತೋ?" ಎಂದಳು. ಅವನು ಏನೋ ಕೆಲಸ ನೆನಪಾದವನ ಹಾಗೆ ಎದ್ದು ಹೋದ.

ಅವನ ಹೆಂಡತಿಗೆ ಎಲ್ಲ ಗೊತ್ತಿತ್ತು. ಸೌಟು ಹಿಡಿದುಕೊಂಡೇ ಅವನನ್ನು ಅಡುಗೆಮನೆಯಲ್ಲಿ ತಡೆದಳು. "ರೀ, ಅತ್ತಿಗೆಗೆ ಹೇಳಿಬಿಡಿ. ಸಾವಿನ ವಿಷಯಾನೇ ಮುಖಕ್ಕೆ ಮುಖ ಕೊಟ್ಟು ಹೇಳಿದೋರು ನೀವು. ಒಂದು ಗುಬ್ಬಿ ವಿಷಯ ಹೇಳೋಕಾಗಲ್ವ?"

"ಅದು ಅವಳ ಸಾವು ಕಣೇ, ಅವಳು ಹೊತ್ಕೊಂಡ್ಳು. ಇದು ಹಾಗಲ್ಲ. ತಾನು ನೋಡ್ಲಿ ಅಂತ ಹಾಕಿದ ಗಾಜು ಅವುಗಳನ್ನ ಕೊಲ್ತಿದೆ ಅಂತ ಗೊತ್ತಾದ್ರೆ ಅವಳು ನೆಮ್ಮದಿಯಾಗಿ ಹೋಗ್ತಾಳಾ? ಗಾಜು ಮುಚ್ಚಿದ್ರೆ ಅವಳಿಗೆ ಉಳಿಯೋದಾದ್ರೂ ಏನು?"

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು ಅವನದು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಆದರೆ ಇನ್ನೊಂದು ಮಾತೂ ಅವನ ಒಳಗಿತ್ತು, ಅದನ್ನು ಅವನು ಹೆಂಡತಿಗೂ ಹೇಳಲಿಲ್ಲ. "ಗಾಜು ಎಲ್ಲಿದೆಯೋ" ಎಂದು ಅಕ್ಕ ಬೆರಳು ಚಾಚಿದ ಆ ಗಾಜಿಗೆ ಸುಣ್ಣ ಮೆತ್ತಲು ಅವನ ಕೈಯೇ ಬರುತ್ತಿರಲಿಲ್ಲ.

ತೂತಿನಲ್ಲಿ ಮರಿಗಳು ಚೀಂಗುಡಲು ಶುರುವಾದ ವಾರವೇ ಹಾಡುಗಾರ ಹೋದ. ಗಾಜಿನೊಳಗಿನ ತನ್ನ ರೂಪವನ್ನೇ ಬೇರೊಬ್ಬ ಗಂಡೆಂದು ತಿಳಿದು ಅದು ಮೇಲೆರಗುವುದನ್ನು ಅವನು ಎರಡು ಸಲ ಕಂಡು ಓಡಿಸಿದ್ದ. ಮೂರನೆಯ ಸಲ ಅವನು ಅಲ್ಲಿರಲಿಲ್ಲ. ಸಂಜೆ ಕೆಲಸದಿಂದ ಬಂದಾಗ ಒಗೆಯುವ ಕಲ್ಲಿನ ಪಕ್ಕ ರೆಕ್ಕೆ ಬಿಚ್ಚಿಕೊಂಡು ಬಿದ್ದಿತ್ತು. ಅಕ್ಕ ಆ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವನು ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ ಒಯ್ದು ಹೂತ.

ಮರುದಿನ ನಸುಕು ಹಾಡಿಲ್ಲದೆ ಬೆಳಗಾಯಿತು. ಅವನು ಔಷಧಿ ಕೊಡಲು ಹೋದಾಗ ಅಕ್ಕ ಹೊರಗೇ ನೋಡುತ್ತಿದ್ದಳು. "ಹಾಡುಗಾರ ಎಲ್ಲಿ ಪುಟ್ಟ?"

"ಬೇರೆ ಹಿತ್ತಲಿಗೆ ಹೋಗಿರಬೇಕು ಅಕ್ಕ. ಅವು ಹಾಗೇ."

"ಹೆಂಡ್ತಿ ಮಕ್ಕಳ್ನ ಬಿಟ್ಟಾ?"

"ಹಕ್ಕಿಗಳಿಗೆ ಅದೆಲ್ಲ ಎಲ್ಲಿರತ್ತೆ."

ಅಕ್ಕ ಅವನ ಮುಖವನ್ನೇ ನೋಡಿದಳು. ಆಮೇಲೆ ಮಾತ್ರೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಬೂದು ಹೆಣ್ಣು ಒಂಟಿಯಾಗಿ ಹುಳ ಹೊತ್ತು ತರುತ್ತಿತ್ತು. ನೆಲಕ್ಕೆ, ತೂತಿಗೆ, ಮತ್ತೆ ನೆಲಕ್ಕೆ, ಬಿಡುವೇ ಇಲ್ಲ. ಅಕ್ಕ ದಿನವಿಡೀ ಅದನ್ನೇ ನೋಡುತ್ತ ಕೂರುವಳು. ತೂತಿನ ಬಾಯಿಗೆ ಮರಿಗಳ ತಲೆ ಕಾಣತೊಡಗಿತು. ಇಂದೋ ನಾಳೆಯೋ ಅವು ಹಾರುತ್ತವೆ. ಹಾರಿದರೆ ತೂತಿಗೆ ಎದುರಾಗಿರುವುದು ಇದೇ ಗಾಜು. ರೆಕ್ಕೆ ಬಲಿಯದ ಮರಿಗಳು ಮೊದಲ ಹಾರಾಟದಲ್ಲೇ ಇಲ್ಲದ ಮರಕ್ಕೆ ಬಂದು ಬಡಿಯುತ್ತವೆ. ಕೊನೆಗೊಂದು ಬೆಳಿಗ್ಗೆ ಗಾಜಿನವನು ಡಬ್ಬಿಯಲ್ಲಿ ಸುಣ್ಣ ಕಲಸಿದ. ಅದನ್ನು ಹಿಡಿದುಕೊಂಡೇ ಅಕ್ಕನ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕೂತ.

"ಅಕ್ಕ, ನಾನೊಂದು ಸುಳ್ಳು ಹೇಳಿದೆ."

"ಒಂದೇನಾ?" ಎಂದಳು ಅಕ್ಕ.

ಅವನು ಎಲ್ಲವನ್ನೂ ಹೇಳಿದ. ಗುಬ್ಬಿ, ಸೋಕಿಲಾಲ, ಮರದ ಬುಡ, ಟವೆಲು. ಮುಗಿದ ಮೇಲೆ ಅವಳು ಅವನ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು.

"ಹಾಡುಗಾರ ಬಡಿದದ್ದು ನಾನು ನೋಡಿದೆ ಪುಟ್ಟ. ನನ್ನ ಮುಖದ ಮುಂದೇನೇ. ಬಿದ್ದ ಮೇಲೂ ಸ್ವಲ್ಪ ಹೊತ್ತು ರೆಕ್ಕೆ ಆಡಿಸ್ತಿದ್ದ. ನೋಡೋಕಾಗ್ದೆ ಗೋಡೆ ಕಡೆ ತಿರುಗಿ ಮಲಗಿದೆ."

"ಗೊತ್ತಿತ್ತಾ? ಮತ್ತೆ ಯಾಕೆ ಹೇಳಲಿಲ್ಲ?"

ಅಕ್ಕನಿಗೆ ಉಸಿರು ಸಾಲಲಿಲ್ಲ. ಸುಧಾರಿಸಿಕೊಂಡು ಹೇಳಿದಳು. "ಹೇಳಿದ್ರೆ ನೀನು ಅವತ್ತೇ ಮುಚ್ತಿದ್ದೆ. ಇನ್ನೊಂದು ದಿನ ನೋಡೋಣ, ಇನ್ನೊಂದೇ ದಿನ ಅಂತ ಸುಮ್ಮನಿದ್ದೆ. ಸೋಕಿಲಾಲ ಕಾಣದೆ ಹೋದಾಗ್ಲೇ ಅನುಮಾನ ಬಂದಿತ್ತು. ನೀನು ಹಣ್ಣು ಅಂದೆ, ನಾನು ಹೂಂ ಅಂದೆ. ಊರಿನ ನೆಂಟರನ್ನೆಲ್ಲ ಬೈತಿದ್ದೆ, ಸುಳ್ಳು ಬುರುಕರು ಅಂತ. ನನ್ನ ಆಸೆ ನೋಡು, ಆ ಹಕ್ಕೀನ ತಿಂದ್ಬಿಡ್ತು." ಅವಳ ಕಣ್ಣಿಂದ ನೀರು ಇಳಿಯಿತು. ವಾರ್ಡಿನಲ್ಲಿ ಅಷ್ಟು ಸಾವು ನೋಡಿದವಳು ಅತ್ತದ್ದನ್ನು ತಮ್ಮ ಅದೇ ಮೊದಲು ಕಂಡದ್ದು. ಅವನು ಅವಳ ಬಾತ ಕೈಯನ್ನು ತನ್ನ ಕೈಯೊಳಗೆ ಹಿಡಿದುಕೊಂಡ.

"ದೊಡ್ಡ ಗುರುತು ಹಾಕ್ತೀನಿ. ಇಲ್ಲಾಂದ್ರೆ ಹೊರಗಡೆ ಬಲೆ ಕಟ್ತೀನಿ. ನಿಂಗೆ ಕಾಣೋ ಹಾಗೇ..."

"ಬಲೆ ಬೇಡ. ಕಾಲು ಸಿಕ್ಕೊಂಡು ಒದ್ದಾಡೋದು ಇನ್ನೂ ಘೋರ. ಗುರುತು ಬಿಟ್ಟು ಪಕ್ಕಕ್ಕೆ ಬಡೀತಾವೆ ಅಂತ ನೀನೇ ಹೇಳಿದೆಯಲ್ಲ. ಮರಿಗಳು ಹಾರೋ ಹೊತ್ತು ಕಣೋ. ಪೂರ್ತಿ ಬಳಿ."

"ಅಕ್ಕ..."

"ಎದ್ದೇಳೋ. ಸುಣ್ಣ ಗಟ್ಟಿಯಾಗತ್ತೆ."

ಅವನು ಹೊರಗೆ ಹೋಗಿ ಮೇಲಿನಿಂದ ಬಳಿಯುತ್ತ ಬಂದ. ಒಳಗಿನ ಕೋಣೆ ಪಟ್ಟಿ ಪಟ್ಟಿಯಾಗಿ ಮುಚ್ಚಿಹೋಯಿತು. ಪರದೆ, ದಿಂಬು, ಅಕ್ಕನ ನೆತ್ತಿ. ಅವಳ ಕಣ್ಣಿನ ಮಟ್ಟಕ್ಕೆ ಬಂದಾಗ ಬ್ರಷ್ ನಿಂತಿತು. ಒಂದು ಗೇಣು ಬಿಟ್ಟುಬಿಡಲೇ ಎಂದು ಅವನ ಮನಸ್ಸು ಹೊಯ್ದಾಡಿತು. ಅಕ್ಕ ಅವನಾಚೆ ತೂತನ್ನು ಒಮ್ಮೆ ನೋಡಿ, ಆಮೇಲೆ ಅವನನ್ನು ನೋಡಿ, ಕೈಯೆತ್ತಿ, ಮುಚ್ಚು ಎಂದು ಸನ್ನೆ ಮಾಡಿದಳು. ಅವನು ಮುಚ್ಚಿದ.

ಮರಿಗಳು ಮರುದಿನವೇ ಹಾರಿದವು. ಒಂದು ನೇರ ಸುಣ್ಣದ ಗೋಡೆಯತ್ತ ಬಂದು, ಗಲಿಬಿಲಿಗೊಂಡು, ತಿರುಗಿ ಒಗೆಯುವ ಕಲ್ಲಿನ ಮೇಲೆ ಮುಗ್ಗರಿಸಿ ಕೂತಿತು. ಗಾಜಿನವನು ಒಳಗೆ ಓಡಿಹೋಗಿ ಅಕ್ಕನಿಗೆ ಹೇಳಿದ. "ಕೇಳಿಸ್ತು" ಎಂದಳು. ಅಂದಿನಿಂದ ಅವನು ಕೆಲಸದಿಂದ ಬೇಗ ಬರತೊಡಗಿದ. ಹಿತ್ತಲಲ್ಲಿ ಸ್ವಲ್ಪ ಹೊತ್ತು ಕೂತು, ಕಂಡದ್ದನ್ನೆಲ್ಲ ಒಳಗೆ ಬಂದು ವರದಿ ಒಪ್ಪಿಸುವನು. ಪಂಚಾಯ್ತಿಯವರ ಜಗಳ ಎಲ್ಲಿಗೆ ಬಂತು, ಯಾವ ಮರಿ ಸ್ನಾನ ಮಾಡಿತು. "ಉಪ್ಪು ಖಾರ ಹಚ್ಚಬೇಡ, ಆದದ್ದಷ್ಟೇ ಹೇಳು" ಎಂದು ಅವಳು ಗದರುವಳು. ಅವನು ಆದದ್ದಷ್ಟೇ ಹೇಳಿದ. ಸುಣ್ಣದ ಮಬ್ಬು ಬೆಳಕಿನಲ್ಲಿ ಅವಳ ಮುಖ ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಬಿಸಿಲು ಏರಿ ಹಿಪ್ಪುನೇರಳೆಯ ಕೊನೆಯ ಹಣ್ಣೂ ಉದುರಿತು. ಒಂದು ಮಧ್ಯಾಹ್ನ ಗಾಳಿ ಎದ್ದು ಮೊದಲ ಮಳೆ ಹಿಡಿಯಿತು. ಡಾಕ್ಟರ ಮಾತು ಸುಳ್ಳಾಗಿತ್ತು. ನೀರು ಗಾಜಿಗೆ ರಾಚಿದಂತೆ ಸುಣ್ಣ ಕರಗಿ ಹಾಲಿನ ಹಾಗೆ ಇಳಿಯತೊಡಗಿತು. ನೋಡನೋಡುತ್ತ ಮರ ಬಂತು, ಕಲ್ಲು ಬಂತು, ಗೋಡೆ ಬಂತು. ಅಕ್ಕ ದಿಂಬಿಗೆ ಒರಗಿ ಕಣ್ಣರಳಿಸಿ ನೋಡಿದಳು. ಮಳೆಗೆ ಯಾವ ಹಕ್ಕಿಯೂ ಹಾರುತ್ತಿರಲಿಲ್ಲ. ಮರದೊಳಗೆ ಕೊಂಬೆಗೆ ಅಂಟಿಕೊಂಡು ಬೂದು ಹೆಣ್ಣು, ಅದರ ಪಕ್ಕ ಒದ್ದೆಯಾದ ಒಂದು ಮರಿ.

ಗಾಜಿನವನು ಸುಣ್ಣದ ಡಬ್ಬಿಗೆ ಕೈ ಹಾಕಿದ.

"ಮಳೆ ನಿಲ್ಲೋವರೆಗೂ ಬಿಡೋ. ಈಗ ಯಾರೂ ಹಾರಲ್ಲ" ಎಂದಳು ಅಕ್ಕ. "ನಿಂತ ತಕ್ಷಣ ಬಳಿ. ತಡ ಮಾಡಬೇಡ. ಮಾತು ಕೊಡು."

ಅವನು ಮಾತು ಕೊಟ್ಟ. ಇಬ್ಬರೂ ಮಂಚದ ಮೇಲೆ ಕೂತು ಮಳೆ ನೋಡಿದರು. "ನೋಡು, ಅದರ ಎದೆ ಮೇಲೆ ಕಪ್ಪು ಬರ್ತಿದೆ. ಅಪ್ಪನ ಹಾಗೇ" ಎಂದಳು ಒಮ್ಮೆ. ಹೆಂಡತಿ ಕಾಫಿ ತಂದಿಟ್ಟದ್ದು ಹಾಗೇ ತಣ್ಣಗಾಯಿತು. ಮಳೆ ಸಣ್ಣಗಾಗಿ, ಹನಿಗಳಾಗಿ, ನಿಂತಿತು. "ಹೋಗು ಪುಟ್ಟ, ನಿಂತಿತು" ಎಂದಳು ಅಕ್ಕ.

ಅವನು ಗಾಜಿನ ನೀರೊರೆಸಿ ಮೇಲಿನಿಂದ ಬಳಿಯುತ್ತ ಬಂದ. ಹಿಂದೆ ಮರದಲ್ಲಿ ರೆಕ್ಕೆ ಕೊಡವುವ ಸದ್ದು ಶುರುವಾಗಿತ್ತು. ಕಣ್ಣಿನ ಮಟ್ಟಕ್ಕೆ ಬಂದಾಗ ಹಿಂದಿನ ಸಲದಂತೆ ಬ್ರಷ್ ನಿಲ್ಲಿಸಿ ಒಳಗೆ ನೋಡಿದ. ಅಕ್ಕನ ಕಣ್ಣು ಮರದ ಕಡೆಗೇ ಇತ್ತು. ಅವನು ಅವಳ ಕೈಯ ಸನ್ನೆಗಾಗಿ ಕಾದ. ಕೈ ಏಳಲಿಲ್ಲ. ಇನ್ನೂ ಸ್ವಲ್ಪ ಕಾದ. ಅವಳ ಎದೆಯ ಮೇಲಿನ ಹೊದಿಕೆ ಅಲುಗದೆ ಹಾಗೇ ಇತ್ತು.

ಅವನಿಗೆ ತಿಳಿಯಿತು. ಒಳಗೆ ಓಡಬೇಕೆಂದು ಕಾಲು ಎದ್ದಿತು. ಅಷ್ಟರಲ್ಲಿ ಮರಿ ಕೊಂಬೆ ಬಿಟ್ಟು ಹಾರಿ ಅವನ ತಲೆಯ ಮೇಲಿಂದ ಹಾದು ಕಲ್ಲಿನ ಮೇಲೆ ಇಳಿಯಿತು. ಗಾಜಿನವನು ಬ್ರಷ್ಷನ್ನು ಮತ್ತೆ ಸುಣ್ಣಕ್ಕೆ ಅದ್ದಿದ. ಕಣ್ಣು ಕಾಣದಷ್ಟು ನೀರು ತುಂಬಿತ್ತು, ಆದರೂ ಒಂದು ಬೆರಳಗಲವೂ ಬಿಡದೆ ಕೆಳಗಿನವರೆಗೆ ಬಳಿದು ಮುಗಿಸಿದ. ಆಮೇಲೆ ಅಕ್ಕನ ಹತ್ತಿರ ಹೋದ.